ಎದುರು ಮೇಳಕ್ಕೆ ಸಾಲು ಕೊಟ್ಟ ಅಕ್ಕ

"ಅರ್ಧ ಮಾತಿಗೆ ನಾ ಏನಂತ ಉತ್ತರ ಕೊಡ್ಲಿ ಯವ್ವಾ?"

ಮೊನ್ನೆ ನಮ್ಮೂರ ಜಾತ್ರೆಗೆ ಹಾಡಲು ಬಂದಿದ್ದ ಅಕ್ಕ ಹೇಳಿದ ಮಾತಿದು. ಆವತ್ತಿನಿಂದ ರೊಟ್ಟಿ ಬಡಿಯುವಾಗಲೂ ಇದೇ, ಶಾಲೆಯಲ್ಲಿ ಮಕ್ಕಳ ಹಾಜರಿ ಕರೆಯುವಾಗಲೂ ಇದೇ. ಯಾರಿಗಾದರೂ ಹೇಳದಿದ್ದರೆ ಆಗೋದಿಲ್ಲ ಅನಿಸಿ ಬರೆಯಲು ಕೂತಿದ್ದೇನೆ.

ನಮ್ಮದು ಜಮಖಂಡಿ ತಾಲೂಕಿನ ಒಂದು ಊರು. ಈ ಸಲ ಜಾತ್ರೆಗೆ ಡಿಜೆ ತರಬೇಕೆಂದು ಹುಡುಗರು ಹಟ ಹಿಡಿದಿದ್ದರು. ಹಿರಿಯರು ಒಪ್ಪಲಿಲ್ಲ. ಹರದೇಶಿ–ನಾಗೇಶಿ ಹಾಡಕಿ ಇಡಿಸಿದರು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹರದೇಶಿ ಮೇಳ ಗಂಡು ಹೆಚ್ಚು ಅನ್ನುತ್ತದೆ, ನಾಗೇಶಿ ಮೇಳ ಹೆಣ್ಣು ಹೆಚ್ಚು ಅನ್ನುತ್ತದೆ. ಶಿವ ದೊಡ್ಡವನೋ ಶಕ್ತಿ ದೊಡ್ಡವಳೋ ಅಂತ ಶುರುವಾದ ವಾದ ಪುರಾಣ, ಹೊಲ, ಅಡುಗೆಮನೆ, ಅತ್ತೆ-ಸೊಸೆ ಎಲ್ಲವನ್ನೂ ಸುತ್ತಿಕೊಂಡು ಬೆಳಗಿನ ಜಾವಕ್ಕೆ ಬಂದು ನಿಲ್ಲುತ್ತದೆ. ಹಾಡುವವರ ಕೈಯಲ್ಲಿ ದಪ್ಪು ಅನ್ನುವ ಚರ್ಮವಾದ್ಯ, ಪಕ್ಕದಲ್ಲಿ ತಂತಿಯ ತುಂತುಣಿ, ತಾಳ. ಹಿಂದೆ ನಿಂತವರು "ಗೀಯ ಗಾ ಗೀಯ" ಅಂತ ದನಿ ಎತ್ತಿದರೆ ಮಲಗಿದ್ದ ಮಕ್ಕಳೂ ಎದ್ದು ಕೂರುತ್ತಾರೆ.

ಹಾಡಿಗೆ ಕಾವು ಬರುವ ಹೊತ್ತಿಗೆ ಒಬ್ಬ ಮುಖಂಡರು ಬಂದರು. ಹಾಡು ನಿಂತಿತು. ಶಾಲು, ಹಾರ, ಫೋಟೊ, ಭಾಷಣ. ಭಾಷಣದಲ್ಲಿ ಜಾನಪದ ಉಳಿಸಬೇಕು ಅಂದರು. ಹಾಡುವವರು ಮಾತ್ರ ದಪ್ಪು ಎದೆಗೊತ್ತಿಕೊಂಡು ವೇದಿಕೆಯ ಮೂಲೆಗೆ ಸರಿದು ನಿಂತಿದ್ದರು. ಅವರಿಗೆ ಯಾರೂ ಒಂದು ಕುರ್ಚಿ ಹಾಕಲಿಲ್ಲ. ಮುಖಂಡರು ಹೊರಟಾಗ ಅರ್ಧ ಜನ ಅವರ ಹಿಂದೆಯೇ ಎದ್ದು ಹೋದರು. ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಹಾಡಿನ ನಡುವೆ ಎದ್ದು ಹೋಗಬಾರದು ಅಂತ ನಾವು ಮಕ್ಕಳಿಗೆ ಹೇಳುತ್ತೇವೆ. ದೊಡ್ಡವರಿಗೆ ಹೇಳುವವರು ಯಾರು?

ಹರದೇಶಿ ಹಾಡುವ ಅಜ್ಜನಿಗೆ ಎಪ್ಪತ್ತು ದಾಟಿರಬೇಕು. ಆದರೂ ದನಿ ಗಟ್ಟಿ. ಬೀಜ ಹೆಚ್ಚೋ ಭೂಮಿ ಹೆಚ್ಚೋ ಅನ್ನುವ ವಾದ ತೆಗೆದಿದ್ದರು. ಬೀಜ ಬೀಳದ ಹೊಲ ಬರೇ ಮಣ್ಣು, ಅದರಲ್ಲಿ ಹುಟ್ಟುವುದು ಕಸ ಅಷ್ಟೇ ಅಂತ ಒಂದೊಂದೇ ನುಡಿ ಏರಿಸುತ್ತಾ ಹೋದರು. ಗಂಡಸರು ಸೀಟಿ ಹೊಡೆದರು. ಮುಂದಿನ ನುಡಿಗೆ ಬಾಯಿ ತೆರೆದವರು ಅಲ್ಲೇ ನಿಂತರು. ಸಾಲು ಮರೆತಿತ್ತು. ದಪ್ಪು ನಿಲ್ಲಿಸಲಿಲ್ಲ. ಹಿಂದಿನವರು "ಗೀಯ ಗಾ" ಅಂತ ಎಳೆದರು, ಮತ್ತೆ ಎಳೆದರು. ಅಜ್ಜ ಕಣ್ಣು ಮುಚ್ಚಿ ಹುಡುಕುತ್ತಿದ್ದರು. ಸಿಗಲಿಲ್ಲ. ಮುಂದೆ ಕೂತ ಹುಡುಗರು ನಗಲು ಶುರು ಮಾಡಿದರು. ಒಬ್ಬ ಮೊಬೈಲ್ ಎತ್ತಿ ವಿಡಿಯೋ ಮಾಡತೊಡಗಿದ.

ಆಗ ನಾಗೇಶಿ ಹಾಡುವ ಅಕ್ಕ ಕೂತಲ್ಲಿಂದಲೇ ಸ್ವಲ್ಪ ಮುಂದಕ್ಕೆ ಬಾಗಿ ಆ ಸಾಲು ಹೇಳಿದರು. ಮೈಕಿನಲ್ಲಿ ಅಲ್ಲ, ಬರೇ ಬಾಯಲ್ಲಿ. ಅಜ್ಜ ಕಣ್ಣು ತೆರೆದು, ತಲೆ ಆಡಿಸಿ, ಆ ಸಾಲು ಹಿಡಿದರು. ನುಡಿ ಪೂರ್ತಿ ಮಾಡಿದರು. ಮೊದಲಿಗಿಂತ ಜೋರಾಗಿ ಹಾಡಿದರು ಕೂಡ.

ನಂತರ ಅಕ್ಕ ಎದ್ದರು. ಸೆರಗು ಸೊಂಟಕ್ಕೆ ಸಿಗಿಸಿಕೊಂಡು, ಅದೇ ಸಾಲನ್ನೇ ಹಿಡಿದು ಉತ್ತರ ಕೊಟ್ಟರು. ಕಾಳು ತುಂಬಿಡುವ ಹಗೇವಿನಲ್ಲಿಟ್ಟ ಬೀಜ ಎಷ್ಟು ವರ್ಷ ಇದ್ದರೂ ಕಾಳಾಗಿಯೇ ಇರುತ್ತದೆ, ಇಲ್ಲಾ ಹುಳ ಹತ್ತುತ್ತದೆ. ಒಂದು ಕಾಳು ನೂರು ಕಾಳಾಗಬೇಕಾದರೆ ಮಣ್ಣಿನೊಳಗೆ ಬರಲೇಬೇಕು. ನೀ ಬಿತ್ತಿ ಮನೆಗೆ ಹೋದೆ, ಹೊತ್ತು ಬೆಳೆಸಿದ್ದು ಯಾರು? ಹೀಗೆ ಕೇಳುತ್ತಾ ಅಜ್ಜನ ವಾದವನ್ನು ಬುಡಸಮೇತ ಕಿತ್ತರು. ಹೆಣ್ಣುಮಕ್ಕಳು ಕೂತಿದ್ದ ಕಡೆಯಿಂದ ಎದ್ದ ಕೇಕೆಗೆ ಗುಡಿಯ ಪಾರಿವಾಳಗಳು ಹಾರಿಹೋದವು. ಅಜ್ಜನೂ ನಕ್ಕು ದಪ್ಪಿಗೆ ಎರಡು ಬಡಿದು "ಶಭಾಶ್" ಅಂದರು.

ಬೆಳಿಗ್ಗೆ ಎರಡೂ ಮೇಳದವರು ಕೂಡಿ ಮಂಗಳ ಹಾಡಿದ ಮೇಲೆ ಅಕ್ಕನಿಗೆ ಚಹಾ ಕೊಡುತ್ತಾ ಕೇಳಿದೆ. "ಎದುರಿನವರಿಗೆ ನೀವ ಯಾಕ ಸಾಲು ಹೇಳಿಕೊಟ್ರಿ?" ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರ ಅನಿಸಿರಬೇಕು. "ಅವ್ರು ಪೂರಾ ಹೇಳಬೇಕಲ್ರಿ. ಅರ್ಧ ಮಾತಿಗೆ ನಾ ಏನಂತ ಉತ್ತರ ಕೊಡ್ಲಿ ಯವ್ವಾ?" ಅಂದು ಚಹಾ ಕುಡಿದು ಟೆಂಪೋ ಹತ್ತಿದರು.

ನನಗೆ ಇದು ಯಾಕೆ ಇಷ್ಟು ತಾಗಿತು ಅಂದರೆ, ನಮ್ಮ ಮನೆಯಲ್ಲಿ ನವೆಂಬರಿನಿಂದ ಪೂರಾ ಮಾತು ಅನ್ನುವುದೇ ಇಲ್ಲ.

2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬಿನ ಬೆಲೆಗಾಗಿ ರೈತರು ಕೂತಿದ್ದು ಎಲ್ಲರಿಗೂ ನೆನಪಿದೆ. ಟನ್ನಿಗೆ 3,500 ರೂಪಾಯಿ ಬೇಕು ಅನ್ನುವುದು ಬೇಡಿಕೆ. ನಮ್ಮ ಮೈದುನ ಅಲ್ಲಿಗೆ ಹೋಗಿ ರಸ್ತೆಯ ಮೇಲೇ ಮಲಗಿ ಬಂದವರು. ಕೊನೆಗೆ ಬೆಂಗಳೂರಿನಲ್ಲಿ ಸಭೆಯಾಗಿ 3,300 ಅಂತ ತೀರ್ಮಾನವಾಯಿತು. ಆವತ್ತು ರಾತ್ರಿ ಊಟಕ್ಕೆ ಕೂತಾಗ ಜಗಳ ಶುರು. ನಮ್ಮವರು ಕೇಂದ್ರದ ಮೇಲೆ ಸಿಟ್ಟಾದರು. "ಸಕ್ಕರಿಗೆ ಕನಿಷ್ಠ ದರ ಕೆ.ಜಿ.ಗೆ 31 ಅಂತ 2019ರಾಗ ಮಾಡ್ಯಾರ, ಅಲ್ಲೇ ನಿಂತೈತಿ. ಫ್ಯಾಕ್ಟರಿಯವ್ರು ಎಲ್ಲಿಂದ ಕೊಡ್ಬೇಕು?" ಮೈದುನರಿಗೆ ರಾಜ್ಯದ ಮೇಲೆ ಸಿಟ್ಟು. "ಎಫ್‌ಆರ್‌ಪಿ, ಅಂದ್ರ ಕಬ್ಬಿಗೆ ಫ್ಯಾಕ್ಟರಿ ಕೊಡಲೇಬೇಕಾದ ಕನಿಷ್ಠ ದರ, ಕ್ವಿಂಟಲಿಗೆ 355 ಅಂತ ಕೇಂದ್ರ ಹೇಳೈತಿ. ಕಡಿಯೂ ಖರ್ಚು, ಸಾಗಿಸೂ ಖರ್ಚು ಅಂತ ಫ್ಯಾಕ್ಟರಿಯವ್ರು ಮುರಕೊಂಡ ಮ್ಯಾಲ ಕೈಗೆ ಏನ್ ಬರ್ತೈತಿ? ಅದನ್ನ ನೋಡಬೇಕಾದವ್ರು ಯಾರು?"

ಇಬ್ಬರ ಮಾತನ್ನೂ ಇಲ್ಲಿ ನಾನು ಪೂರ್ತಿ ಬರೆದಿದ್ದೇನೆ. ಆವತ್ತು ಇಬ್ಬರೂ ಒಬ್ಬರಿಗೊಬ್ಬರು ಇಷ್ಟು ಹೇಳಲಿಲ್ಲ. ಅಣ್ಣ "31" ಅನ್ನುವಷ್ಟರಲ್ಲಿ ತಮ್ಮ "ನೀ ಆ ಪಕ್ಷದವನು" ಅಂದರು. ತಮ್ಮ "355" ಅನ್ನುವಷ್ಟರಲ್ಲಿ ಅಣ್ಣ "ನಿನಗ ವಾಟ್ಸಾಪ್ ಹುಚ್ಚು" ಅಂದರು. ತಟ್ಟೆ ಸರಿಸಿ ಎದ್ದರು. ಅಂದಿನಿಂದ ಒಂದೇ ಮನೆ, ಒಂದೇ ಒಲೆ, ಎರಡು ಪಂಕ್ತಿ. ನಾನು ಎರಡು ಸಲ ಬಡಿಸುತ್ತೇನೆ. ವಿಚಿತ್ರ ಅಂದರೆ ಇಬ್ಬರ ಲೆಕ್ಕವೂ ಸರಿ ಇದೆ. ಸಕ್ಕರೆ ದರವೂ ಮುಖ್ಯ, ಕಡಿತವೂ ಮುಖ್ಯ, ಕಬ್ಬಿನಿಂದ ಎಷ್ಟು ಸಕ್ಕರೆ ಬಂತು ಅನ್ನುವ ರಿಕವರಿಯನ್ನು ಯಾರು ಅಳೆಯುತ್ತಾರೆ ಅನ್ನುವುದೂ ಮುಖ್ಯ. ಎರಡೂ ಲೆಕ್ಕ ಒಂದೇ ಹಾಳೆಯ ಮೇಲೆ ಬಂದಿದ್ದರೆ ನಮ್ಮ ಹೊಲದ ಕಬ್ಬಿಗೆ ಏನಾಯಿತು ಅಂತ ನಮಗಾದರೂ ತಿಳಿಯುತ್ತಿತ್ತು, ಅಲ್ವಾ?

ಜಾತ್ರೆ ಮುಗಿದ ಮರುದಿನ ಮೈದುನರಿಗೆ ಊಟ ಬಡಿಸುತ್ತಾ ಅಜ್ಜನ ಸಾಲಿನ ಕಥೆ ಹೇಳಿದೆ. ಅವರು ಸುಮ್ನೆ ಕೇಳಿದರು. ಆಮೇಲೆ ಅಂದರು, "ಅದು ಹಾಡು ವೈನಿ. ಇದು ಹೊಟ್ಟಿ ಪಾಡು. ಹಾಡಿನಾಗ ಸೋತ್ರ ಯಾರಿಗೆ ಏನ್ ಹೋಗ್ತೈತಿ?"

ಮೈದುನರನ್ನು ನಾನು ಮೆಚ್ಚುತ್ತೇನೆ. ಊರಲ್ಲಿ ಯಾರ ಮನೆಯಲ್ಲಿ ಕಷ್ಟ ಅಂದರೂ ಮೊದಲು ಓಡುವವರು ಅವರೇ. ಆದರೆ ಈ ಮಾತು ಒಪ್ಪಲು ನನಗಾಗಲಿಲ್ಲ.

ನಮ್ಮ ಪಕ್ಕದ ಮುಧೋಳ ತಾಲೂಕಿನ ಹಲಗಲಿಯನ್ನೇ ನೋಡಿ. 1857ರಲ್ಲಿ ಆಯುಧ ಒಪ್ಪಿಸಿ ಅಂತ ಕಂಪನಿ ಸರ್ಕಾರ ಕಾಯ್ದೆ ತಂದಾಗ ಬೇಡರು ಒಪ್ಪಲಿಲ್ಲ. ದಂಡು ಬಂದು ಊರಿಗೇ ಬೆಂಕಿ ಹಚ್ಚಿತು. ಅದು ನಮಗೆ ಉಳಿದು ಬಂದಿದ್ದು ಲಾವಣಿಯಲ್ಲಿ. ಅದನ್ನು ಬರೆಸಿಕೊಂಡು ಅಚ್ಚು ಹಾಕಿಸಿದವರು ಜೆ. ಎಫ್. ಫ್ಲೀಟ್ ಅನ್ನುವ ಬ್ರಿಟಿಷ್ ಅಧಿಕಾರಿಯೇ. ತಮ್ಮ ಸರ್ಕಾರಕ್ಕೆ ಎದುರು ನಿಂತವರ ಹಾಡನ್ನು ಅವರು ಪೂರ್ತಿ ಕೇಳಿದರು. ಬೆಳಗಾವಿ ಜಿಲ್ಲೆಯ ಹುಲಕುಂದದ ಭೀಮಕವಿ ಸ್ವಾತಂತ್ರ್ಯ ಚಳವಳಿಯನ್ನು ಇದೇ ದಪ್ಪಿನ ಗೀಗೀ ಪದದಲ್ಲಿ ಊರೂರಿಗೆ ಮುಟ್ಟಿಸಿದವರು. ನಮ್ಮ ಸೀಮೆಯಲ್ಲಿ ದಪ್ಪು ಹೊಟ್ಟೆಪಾಡಿನಿಂದ, ರಾಜಕೀಯದಿಂದ ಯಾವತ್ತೂ ದೂರ ಇರಲಿಲ್ಲ.

ಇನ್ನು ಆ ಅಕ್ಕನ ಹೊಟ್ಟೆಪಾಡು? ಅಜ್ಜ ಅಲ್ಲಿ ಮರೆತು ಕೂತಿದ್ದರೆ ಆಕೆ ಗೆದ್ದಂತೆಯೇ ಲೆಕ್ಕ. ಗೆದ್ದ ಮೇಳಕ್ಕೆ ಮುಂದಿನ ಜಾತ್ರೆಯ ಸುಪಾರಿ, ಅಂದರೆ ಹಾಡಲು ಕರೆ, ಸಿಗುತ್ತದೆ. ಅದನ್ನು ಬಿಟ್ಟು ಸಾಲು ಕೊಟ್ಟಳಲ್ಲ, ಅದಕ್ಕೆ ಎಷ್ಟು ಧೈರ್ಯ ಬೇಕು! ಕೊಟ್ಟ ಸಾಲಿಗೆ ತಾನೇ ಉತ್ತರ ಕೊಡಬಲ್ಲೆ ಅನ್ನುವ ನಂಬಿಕೆ ಇದ್ದವರಿಗೆ ಮಾತ್ರ ಅದು ಆಗುವ ಕೆಲಸ. ನಮ್ಮ ಮನೆಯ ಗಂಡಸರಿಗೆ ತಮ್ಮ ಲೆಕ್ಕದ ಮೇಲೆ ಅಷ್ಟು ನಂಬಿಕೆ ಇಲ್ಲ ಅಂತ ಈಗ ಅನಿಸುತ್ತಿದೆ. ಇದ್ದಿದ್ದರೆ ಎದುರಿನವರ ಬಾಯಿ ಮುಚ್ಚಿಸುವ ಅವಸರ ಯಾಕೆ? ಬೆಳಗಾವಿಯ ಸುವರ್ಣ ವಿಧಾನಸೌಧ 2012ರಲ್ಲಿ ಉದ್ಘಾಟನೆಯಾದಾಗ ಉತ್ತರ ಕರ್ನಾಟಕದ ಮಾತಿಗೆ ಒಂದು ಮನೆ ಸಿಕ್ಕಿತು ಅಂತ ನಾವು ಖುಷಿಪಟ್ಟಿದ್ದೆವು. ಚಳಿಗಾಲದ ಅಧಿವೇಶನ ಟಿವಿಯಲ್ಲಿ ಬಂದರೆ ಈಗಲೂ ನೋಡುತ್ತೇನೆ. ನಮ್ಮ ಕಬ್ಬು, ನಮ್ಮ ಕೃಷ್ಣಾ ನದಿಯ ಮಾತು ಬಂದ ಕೂಡಲೇ ಗದ್ದಲ ಎದ್ದರೆ ಹೊಟ್ಟೆ ಉರಿಯುತ್ತದೆ.

ಅತ್ತೆಯವರ ವಿಷಯ ಹೇಳಲೇಬೇಕು. ನಾನು ಮದುವೆಯಾಗಿ ಬಂದ ಹೊಸದರಲ್ಲಿ "ಮನಿತನಸ್ಥರ ಹೆಣ್ಮಕ್ಕಳು ಹಾಡಕಿ ಕೇಳಾಕ ಹೋಗೂದಿಲ್ಲ" ಅಂದಿದ್ದರು. ಅದಕ್ಕೆ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆಗ ನಾಗೇಶಿ ಹಾಡುತ್ತಿದ್ದವರಲ್ಲಿ ಬಹಳ ಜನ ದೇವದಾಸಿ ಮನೆತನದ ಹೆಣ್ಣುಮಕ್ಕಳು. ದೇವರ ಹೆಸರಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯಾಗಿ ಬಿಡುವುದನ್ನು ತಡೆಯಲು ಕರ್ನಾಟಕ 1982ರಲ್ಲೇ ಕಾಯ್ದೆ ಮಾಡಿತು. ಆದರೆ ಊರಿನ ಮನಸ್ಸು ಅಷ್ಟು ಬೇಗ ಬದಲಾಗಲಿಲ್ಲ. ಅವರು ರಾತ್ರಿಯಿಡೀ ಶಕ್ತಿಯ ಪುರಾಣ ಹೇಳಬೇಕು, ಊರು ಕೈ ಮುಗಿದು ಕೇಳಬೇಕು, ಬೆಳಿಗ್ಗೆ ಅವರಿಗೆ ಚಹಾ ಕೊಡುವುದು ಹಿತ್ತಲಿನಲ್ಲಿ. ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ ಅಂತ ನನಗೆ ಅನಿಸುತ್ತದೆ.

ಈ ಸಲ ನಾನು ಹೊರಟಾಗ ಅತ್ತೆ ಬೇಡ ಅನ್ನಲಿಲ್ಲ. ಮರುದಿನ ನಾನು ಆ ನುಡಿಯನ್ನು ಅರೆಬರೆ ಗುನುಗುತ್ತಿದ್ದಾಗ ಅವರೇ ಮುಂದಿನ ಸಾಲು ಹೇಳಿದರು. ನಾನು ಬೆರಗಾದೆ. "ಮಾಳಗಿ ಮ್ಯಾಲ ಮಕ್ಕೊಂಡು ಕೇಳ್ತಿದ್ವಿ. ಕಿವಿಗೆ ಯಾರು ಬ್ಯಾಡ ಅಂತಾರ?" ಅಂದರು. ಅವರಿಗೆ ಎಷ್ಟೊಂದು ಪದ ಬರುತ್ತವೆ! ಶಿವ-ಶಕ್ತಿಯ ಸವಾಲು ಜವಾಬು ಸರಾಗವಾಗಿ ಹೇಳುತ್ತಾರೆ. ಇಷ್ಟು ವರ್ಷ ಒಂದೇ ಅಡುಗೆಮನೆಯಲ್ಲಿದ್ದರೂ ನನಗೆ ಗೊತ್ತೇ ಇರಲಿಲ್ಲ.

ಬೀಜ-ಭೂಮಿಯ ಆ ವಾದ ಅವರಿಗೆ ಯಾಕೆ ಅಷ್ಟು ಬಾಯಿಪಾಠ ಅಂತ ಯೋಚಿಸುತ್ತೇನೆ. ಅತ್ತೆ ಸಣ್ಣವರಿದ್ದಾಗಿನಿಂದ ಹೊಲದಲ್ಲಿ ದುಡಿದವರು. ಕಬ್ಬಿನ ಬೀಜ ಹಚ್ಚುವುದು, ಕಸ ತೆಗೆಯುವುದು, ರವದಿ ಸುಲಿಯುವುದು, ಎಲ್ಲದರಲ್ಲೂ ಅವರ ಕೈಯಿದೆ. ಹೊಲ ಯಾರದು ಅಂತ ಹೇಳುವ ಉತಾರದಲ್ಲಿ ಅವರ ಹೆಸರಿಲ್ಲ. ಫ್ಯಾಕ್ಟರಿಯ ಶೇರು ಮಾವನವರ ಹೆಸರಲ್ಲಿತ್ತು, ಈಗ ಮಗನ ಹೆಸರಲ್ಲಿದೆ. ಕಬ್ಬಿನ ಬಿಲ್ಲು ಯಾವ ಖಾತೆಗೆ ಬರುತ್ತದೆ ಅಂತ ಅವರಿಗೆ ಗೊತ್ತಿಲ್ಲ. ಹೆಣ್ಣುಮಕ್ಕಳಿಗೂ ಆಸ್ತಿಯಲ್ಲಿ ಸಮಪಾಲು ಅಂತ 2005ರಲ್ಲಿ ಕಾನೂನು ಬಂತು. ನಮ್ಮ ನಾದಿನಿ ಒಂದು ಇಳಕಲ್ ಸೀರೆ ತಗೊಂಡು ಹಕ್ಕು ಬಿಡುಗಡೆಗೆ ಸಹಿ ಮಾಡಿ ಹೋದರು. ಯಾರೂ ಬಲವಂತ ಮಾಡಲಿಲ್ಲ. ಯಾರೂ ಬೇಡ ಅಂತಲೂ ಅನ್ನಲಿಲ್ಲ. 3,300 ಸಾಕೋ ಸಾಲದೋ ಅಂತ ಅಣ್ಣ-ತಮ್ಮ ಜಗಳವಾಡುವಾಗ ಅದೇ ಕಬ್ಬಿಗೆ ಬೆನ್ನು ಬಗ್ಗಿಸಿದ ಅತ್ತೆ ಒಲೆಯ ಮುಂದೆ ಕೂತಿದ್ದರು. "ನಿನಗೇನು ಅನಿಸ್ತೈತಿ ಯವ್ವಾ?" ಅಂತ ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ. ನಮ್ಮಂಥ ಮನೆಗಳಲ್ಲಿ ಹೆಂಗಸರದು ಅರ್ಧ ಮಾತೂ ಇಲ್ಲ. ಶುರುವೇ ಆಗದ ಮಾತಿಗೆ ಸಾಲು ಕೊಡುವವರಾದರೂ ಯಾರು?

ನಿನ್ನೆ ರಾತ್ರಿ ನಾನೇ ಕೇಳಿದೆ. ನಮ್ಮವರು ಊಟಕ್ಕೆ ಕೂತಿದ್ದರು. ಮೈದುನರು ಪಡಸಾಲೆಯಲ್ಲಿದ್ದರು, ಕಿವಿಗೆ ಬೀಳುವಷ್ಟು ಹತ್ತಿರ. "ಅತ್ತಿ, ಕಬ್ಬಿಗೆ ಎಷ್ಟು ಸಿಗಬೇಕ್ರಿ?" ಅಂದೆ. ಅತ್ತೆ ತಡಮಾಡಲಿಲ್ಲ. "ರೇಟ್ ಎಷ್ಟರ ಆಗ್ಲಿ. ನೀರು ಕುಡಿದು ಹೊಲ ಉಪ್ಪೇರಿ ಸವಳಾಗಾಕ ಹತ್ತೈತಿ, ಅದನ್ನ ಇಬ್ಬರೂ ನೋಡವಲ್ರು. ಅರ್ಧ ಹೊಲಕ್ಕರ ಗೋವಿನಜ್ವಾಳ, ಕಡ್ಲಿ ಹಾಕ್ರಿ ಅಂತ ನಾ ಎಂದಿನಿಂದ ಅನ್ನಬೇಕಂತೀನಿ" ಅಂದರು. ನಮ್ಮವರು ತುತ್ತು ಕೈಯಲ್ಲಿ ಹಿಡಿದು ಕೂತರು. ಪಡಸಾಲೆಯಿಂದ ಮೈದುನರು "ಕಡ್ಲಿಗೆ ಎಲ್ಲಿ ರೇಟ್ ಐತಿ?" ಅಂದರು. ನಮ್ಮವರು ಒಳಗಿನಿಂದಲೇ "ಮೊದಲ ಸವಳಿನ ಮಾತು ಮುಗೀಲಿ" ಅಂದರು. ಇಬ್ಬರೂ ಅತ್ತೆಗೇ ಹೇಳಿದಂತೆ ಹೇಳಿದರು, ಒಬ್ಬರಿಗೊಬ್ಬರಲ್ಲ. ಪಂಕ್ತಿ ಇನ್ನೂ ಎರಡೇ ಇವೆ.

ಬರುವ ಭಾನುವಾರ ಗುಡಿಯಲ್ಲಿ ಜಾತ್ರಾ ಕಮಿಟಿಯ ಲೆಕ್ಕ ಒಪ್ಪಿಸುವ ಸಭೆ. ಹೆಂಗಸರು ಅಲ್ಲಿಗೆ ಹೋಗುವ ರೂಢಿ ಇಲ್ಲ. ನಾನು ಹೋಗುತ್ತೇನೆ ಅಂದಿದ್ದೇನೆ. ನಮ್ಮವರಿಗೆ ಇಷ್ಟವಿಲ್ಲ, ಮೈದುನರು ಹೋಗ್ರಿ ವೈನಿ ಅಂದಿದ್ದಾರೆ. ಕೇಳುವುದು ಇಷ್ಟೇ. ಮುಂದಿನ ವರ್ಷ ಸನ್ಮಾನ ಇದ್ದರೆ ಹಾಡು ಶುರುವಾಗುವ ಮೊದಲೇ ಮುಗಿಸಬೇಕು. ಯಾರೇ ಬರಲಿ, ನಡುವೆ ಹಾಡು ನಿಲ್ಲಿಸಬಾರದು. ಎರಡೂ ಮೇಳಕ್ಕೆ ಒಂದೇ ಸಂಭಾವನೆ ಕೊಡಬೇಕು. ಹಾಡುವ ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲು, ಮಲಗಲು ಬಾಗಿಲು ಇರುವ ಒಂದು ಕೋಣೆ ಬೇಕು. ಅದಕ್ಕೆ ಯಾರೂ ಮುಂದೆ ಬರದಿದ್ದರೆ ನಮ್ಮ ಮನೆಯ ಪಡಸಾಲೆ ಇದೆ ಅಂತ ಅತ್ತೆ ಹೇಳಿದ್ದಾರೆ, ಅದನ್ನೂ ಹೇಳಿ ಬರುತ್ತೇನೆ.