ಬುದ್ಧನ ಓದಿನಿಂದ ಕಾಫಿ ತೋಟಕ್ಕೆ ಏನು ಪ್ರಯೋಜನ ಅಂತ ಕೇಳೋರಿಗೆ

"ಏನಣ್ಣ, ಇದೆಲ್ಲ ಮಠದಲ್ಲಿ ಕೂರೋರಿಗೆ ಸರಿ, ತೋಟ ಸಾಲ ಆಳು ಅಂತ ಒದ್ದಾಡೋ ನಮಗೆ ಅದ್ರಿಂದ ಏನ್ ಸಿಗುತ್ತೆ?" ಕುಶಾಲನಗರಕ್ಕೆ ಹೋದಾಗ ಕಾವೇರಿ ಸೇತುವೆ ದಾಟಿ ಟಿಬೆಟಿಯನ್ ಬೌದ್ಧರ ಬೈಲುಕುಪ್ಪೆಗೂ ಹೋಗ್ತೀನಿ, ಮನೇಲಿ ಬುದ್ಧನ ಸುತ್ತಗಳನ್ನ, ಅಂದ್ರೆ ಉಪದೇಶಗಳನ್ನ, ಓದ್ತೀನಿ ಅಂತ ಗೊತ್ತಿರೋರೆಲ್ಲ ಕೇಳೋದು ಇದನ್ನೇ. ಹಿಂದೇನೇ ಇನ್ನೊಂದು ಬರುತ್ತೆ, ಪಂದಿ ಕರಿ (ನಮ್ಮ ಕೊಡಗಿನ ಹಂದಿ ಮಾಂಸದ ಅಡುಗೆ) ಬಿಟ್ರಾ ಅಂತ.

ಪಂದಿ ವಿಷಯ ಬೇಗ ಮುಗಿಸ್ತೀನಿ. ಬುದ್ಧ ಭಿಕ್ಷುಗಳಿಗೇ ಮಾಂಸ ಪೂರ್ತಿ ಬೇಡ ಅಂದಿರಲಿಲ್ಲ, ತನಗೋಸ್ಕರ ಕೊಂದಿದ್ದು ಅಂತ ನೋಡಿದ್ರೆ, ಕೇಳಿದ್ರೆ, ಇಲ್ಲಾ ಅನುಮಾನ ಬಂದ್ರೆ ತಿನ್ನಬಾರದು ಅಂತ ಜೀವಕ ಸುತ್ತದಲ್ಲಿದೆ. ಆದ್ರೆ ಬೌದ್ಧರು ಪಾಲಿಸೋ ಐದು ಶೀಲಗಳಲ್ಲಿ, ಅಂದ್ರೆ ನಿಯಮಗಳಲ್ಲಿ, ಮೊದಲನೇದೇ ಕೊಲ್ಲಬಾರದು ಅನ್ನೋದು, ಹಾಗಾಗಿ ನಾನು ಮನೇಲಿ ಮಾಡ್ಸೋದು ಬಿಟ್ಟೆ, ಬೇರೆಯವರ ತಟ್ಟೆ ನೋಡೋಕೆ ಹೋಗಲ್ಲ. ಮನೆ ವೈನ್ ಬಗ್ಗೆ ಕೇಳ್ಲೇಬೇಡಿ, ಮತ್ತು ಬರೋದನ್ನ ಕುಡಿಯಬಾರದು ಅನ್ನೋ ಐದನೇ ಶೀಲದಲ್ಲಿ ಕೊಡಗಿನವರಿಗೆ ಅಂತ ರಿಯಾಯಿತಿ ಏನೂ ಇಲ್ಲ!

ಇನ್ನು ತೋಟದ ಪ್ರಶ್ನೆ. ಬೌದ್ಧ ಅಂದ ತಕ್ಷಣ ಎಲ್ಲರಿಗೂ ಧ್ಯಾನ ಒಂದೇ ನೆನಪಾಗೋದು, ಅದು ಬೇಕು, ಬೆಳಿಗ್ಗೆ ನಾನೂ ಕೂರ್ತೀನಿ, ಆದ್ರೆ ಸಂಸಾರಸ್ಥರಿಗೆ ಅಂತಲೇ ಬುದ್ಧ ಹೇಳಿದ್ದು ದೀಘ ನಿಕಾಯ ಅನ್ನೋ ಸುತ್ತಗಳ ಸಂಗ್ರಹದ ಸಿಗಾಲೋವಾದ ಸುತ್ತದಲ್ಲಿದೆ, ಅದನ್ನ ಯಾಕೋ ಯಾರೂ ಮಾತಾಡಲ್ಲ. ರಾಜಗೃಹದಲ್ಲಿ ಸಿಗಾಲ ಅನ್ನೋ ಹುಡುಗ ಒದ್ದೆ ಬಟ್ಟೆಲಿ ನಿಂತು ಆರು ದಿಕ್ಕಿಗೂ ಕೈ ಮುಗೀತಿರ್ತಾನೆ, ಅಪ್ಪ ಸಾಯೋವಾಗ ಹೇಳಿದ್ದು ಅಂತ. ಬುದ್ಧ ಅವನಿಗೆ, ಪೂರ್ವ ಅಂದ್ರೆ ಅಪ್ಪ ಅಮ್ಮ, ದಕ್ಷಿಣ ಗುರುಗಳು, ಪಶ್ಚಿಮ ಹೆಂಡತಿ ಮಕ್ಕಳು, ಉತ್ತರ ಸ್ನೇಹಿತರು, ಮೇಲೆ ಶ್ರಮಣರು ಬ್ರಾಹ್ಮಣರು, ಕೆಳಗಿನ ದಿಕ್ಕು ನಿನ್ನ ಕೆಲಸದವರು ಅಂತಾನೆ.

ಆ ಕೆಳಗಿನ ದಿಕ್ಕೇ ನಮ್ಮ ಲೈನ್‌ಮನೆ, ತೋಟದ ಆಳುಗಳು ಇರೋ ಸಾಲುಮನೆ. ಯಜಮಾನ ಮಾಡ್ಬೇಕಾದ್ದು ಐದು ಹೇಳಿದಾನೆ: ಶಕ್ತಿ ನೋಡಿ ಕೆಲಸ ಕೊಡೋದು, ಊಟ ಕೂಲಿ ಕೊಡೋದು, ಹುಷಾರಿಲ್ದಾಗ ನೋಡ್ಕೊಳ್ಳೋದು, ರುಚಿಯಾದ್ದನ್ನ ಹಂಚಿ ತಿನ್ನೋದು, ಸಮಯಕ್ಕೆ ರಜೆ ಕೊಡೋದು. ಓದೋಕೆ ಸುಲಭ, ಕುಯ್ಲು ಟೈಮಲ್ಲಿ ಮಾಡೋದು ಕಷ್ಟ, ಯಾಕಂದ್ರೆ ಕೆಜಿ ಲೆಕ್ಕದಲ್ಲಿ ಕೂಲಿ ಅಂದಾಗ ಇಳಿಜಾರಲ್ಲಿ ಓಡಾಡೋಕಾಗದ ವಯಸ್ಸಾದ ಹೆಂಗಸಿಗೆ ಕೈಗೆ ಬರೋದೇ ಕಮ್ಮಿ. ಅವರನ್ನ ನಾನು ದಿನಗೂಲಿ ಮೇಲೆ ಕಣಕ್ಕೆ ಹಾಕ್ತೀನಿ, ಕಾಫಿ ಹರಡೋದು, ಕಸ ಆರಿಸೋದು. ಮರ ಕಪಾತು ಮಾಡೋಕೆ (ಕೊಂಬೆ ಕಡಿಯೋಕೆ) ಹಿಂದಿನ ದಿನ ಜ್ವರ ಬಂದವನನ್ನ ಹತ್ತಿಸಲ್ಲ, ಕೆಲಸ ನಿಂತ್ರೂ ಸರಿ. ಪಕ್ಕದ ತೋಟದವರು ನಿಂಗೆ ಲಾಸ್ ಆಗಲ್ವಾ ಅಂತಾರೆ. ಸ್ವಲ್ಪ ಆಗುತ್ತೆ.

ದುಡ್ಡಿನ ಲೆಕ್ಕನೂ ಅದೇ ಸುತ್ತದಲ್ಲಿದೆ, ಬಂದಿದ್ದನ್ನ ನಾಲ್ಕು ಪಾಲು ಮಾಡು, ಒಂದು ಅನುಭವಿಸು, ಎರಡು ಕಸುಬಿಗೆ ಹಾಕು, ಒಂದು ಆಪತ್ತಿಗೆ ಇಡು. ವರ್ಷಕ್ಕೊಂದ್ಸಲ ಕಾಫಿ ದುಡ್ಡು ನೋಡೋ ನಮಗೆ ಇದಕ್ಕಿಂತ ಸರಿಯಾದ ಮಾತು ಯಾವ ಬ್ಯಾಂಕಿನವನೂ ಹೇಳಿಲ್ಲ. 2018ರ ಆಗಸ್ಟ್ ಮಳೆ, ಗುಡ್ಡ ಕುಸಿತ ನೋಡಿದೋರಿಗೆ ನಾಲ್ಕನೇ ಪಾಲು ಯಾಕೆ ಅಂತ ಬಿಡಿಸಿ ಹೇಳ್ಬೇಕಾಗಿಲ್ಲ. ಜನ ಎಡವೋದು ಕಸುಬಿನ ಎರಡು ಪಾಲಲ್ಲಿ, ರೇಟು ಏರಿದ ವರ್ಷ ಅದನ್ನ ತೆಗೆದು ಹೊಸ ಜೀಪಿಗೆ ಹಾಕಿ ಮುಂದಿನ ವರ್ಷ ಗೊಬ್ಬರಕ್ಕೆ ಸಾಲ ಮಾಡೋದು.