ಮೋಟಾರ್ ರಿಪೇರಿಗೆ ಕಿಲ್ಟ್ ಹಾಕಿಕೊಂಡು ಹೋಗುತ್ತೇನೆ

ಪ್ಯಾಂಟಿನ ಜೇಬಿನಲ್ಲಿ ಒಂದು 14-15 ಸ್ಪ್ಯಾನರ್, ಟೆಸ್ಟರ್, ಟೇಪು ಇಟ್ಟುಕೊಂಡು ಕುಕ್ಕರುಗಾಲಲ್ಲಿ ಕೂತು ನೋಡಿ. ಸ್ಪ್ಯಾನರ್ ತೊಡೆಗೆ ಒತ್ತುತ್ತದೆ. ಮಂಡಿ ಹತ್ತಿರ ಬಟ್ಟೆ ಬಿಗಿಯುತ್ತದೆ. ಹಿಂದೆ ಹೊಲಿಗೆ ಯಾವಾಗ ಬಿಟ್ಟುಕೊಳ್ಳುತ್ತದೋ ಅನ್ನೋ ಭಯ ಬೇರೆ. ಮಂಡ್ಯದ ಸುತ್ತಮುತ್ತ ಪಂಪ್‌ಸೆಟ್ ರಿಪೇರಿ ಮಾಡುವ ನನಗೆ ಇದು ದಿನಾ ಇದ್ದದ್ದೇ ಆಗಿತ್ತು. ನಾಲೆ ಪಕ್ಕ, ಬಾವಿ ಪಕ್ಕ, ಗದ್ದೆ ಬದುವಿನ ಮೇಲೆ, ಎಲ್ಲಿ ಹೋದರೂ ಈ ಕೆಲಸ ಕೂತೇ ಮಾಡಬೇಕು, ಅದೂ ಕೆಸರಲ್ಲಿ.

ಕಳೆದ ವರ್ಷದಿಂದ ನಾನು ಕೆಲಸಕ್ಕೆ ಕಿಲ್ಟ್ ಹಾಕುತ್ತಿದ್ದೇನೆ, ಅಂದರೆ ಸೊಂಟಕ್ಕೆ ಸುತ್ತಿ ಉಡುವ ನೆರಿಗೆಯ ಗಂಡಸರ ಉಡುಪು. ಸ್ಕಾಟ್ಲೆಂಡಿನವರು ಬ್ಯಾಗ್‌ಪೈಪ್ ಊದುವಾಗ ಹಾಕುತ್ತಾರಲ್ಲ, ಆ ಚೌಕಳಿ ಉಣ್ಣೆಯದಲ್ಲ. ದಪ್ಪ ಹತ್ತಿ ಬಟ್ಟೆಯದು, ಎರಡೂ ಪಕ್ಕ ದೊಡ್ಡ ಜೇಬು ಇರುವುದು. ಇದಕ್ಕೆ ಯುಟಿಲಿಟಿ ಕಿಲ್ಟ್ ಅನ್ನುತ್ತಾರೆ. ಮುಂದೆ ಸಪಾಟು, ಹಿಂದೆ ನೆರಿಗೆ, ಉದ್ದ ಮಂಡಿಯವರೆಗೆ. 2000ದಲ್ಲಿ ಅಮೆರಿಕದ ಸಿಯಾಟಲ್ ಊರಿನಲ್ಲಿ ಸ್ಟೀವನ್ ವಿಲೆಗಾಸ್ ಅನ್ನುವವರು ಯುಟಿಲಿಕಿಲ್ಟ್ಸ್ ಅಂತ ಕಂಪನಿ ಶುರು ಮಾಡಿದ ಮೇಲೆ ಈ ಜೇಬಿನ ಕಿಲ್ಟ್ ಜನಕ್ಕೆ ಗೊತ್ತಾಯಿತು. ನಾನು ಮೊದಲು ನೋಡಿದ್ದು ಒಂದು ವಿಡಿಯೋದಲ್ಲಿ. ಒಬ್ಬ ಬಡಗಿ ಅದನ್ನು ಹಾಕಿಕೊಂಡು, ಪಕ್ಕದ ಕುಣಿಕೆಗೆ ಸುತ್ತಿಗೆ ತೂಗು ಹಾಕಿಕೊಂಡು, ನೆಲದ ಮೇಲೆ ಕೂತು ಹಲಗೆ ಬಡಿಯುತ್ತಿದ್ದ. ನೋಡಿದ ತಕ್ಷಣ ನನಗೆ ನೆನಪಾದದ್ದು ನಮ್ಮ ತಾತ.

ತಾತ ಗದ್ದೆಗೆ ಇಳಿಯುವಾಗ ಪಂಚೆ ಎತ್ತಿ ಕಟ್ಟುತ್ತಿದ್ದರು. ಒಳಗೆ ಪಟ್ಟಾಪಟ್ಟಿ ಚಡ್ಡಿ. ದುಡ್ಡು, ಬೀಡಿ, ಬೆಂಕಿಪೊಟ್ಟಣ ಎಲ್ಲ ಆ ಚಡ್ಡಿ ಜೇಬಿನಲ್ಲಿ. ಕೂರುವುದು, ಏಳುವುದು, ಬದು ದಾಟುವುದು, ಯಾವುದಕ್ಕೂ ಅಡ್ಡಿ ಇರಲಿಲ್ಲ. ಹಾಗಾದರೆ ನೀನೂ ಪಂಚೆ ಕಟ್ಟಬಹುದಿತ್ತಲ್ಲ ಅಂತ ಕೇಳುತ್ತೀರಿ. ಕಟ್ಟಿ ನೋಡಿದ್ದೇನೆ. ಮೋಟಾರ್ ಕೆಲಸದಲ್ಲಿ ಎರಡೂ ಕೈ ತುಂಬಿರುತ್ತದೆ, ಗಂಟು ಸಡಿಲ ಆದರೆ ಬಿಗಿ ಮಾಡಲು ಮೂರನೇ ಕೈ ಇಲ್ಲ. ಸಾಮಾನು ಇಡಲು ಜಾಗ ಇಲ್ಲ. ಎಲ್ಲಕ್ಕಿಂತ ಮುಖ್ಯ, ತಿರುಗುವ ಪುಲ್ಲಿ ಹತ್ತಿರ ಪಂಚೆಯ ತುದಿ ಹೋದರೆ ಕಥೆ ಮುಗಿಯಿತು. ಕಿಲ್ಟಿನಲ್ಲಿ ಬೆಲ್ಟ್ ಇದೆ, ಬಟ್ಟೆ ಹೊಲಿಗೆ ಹಾಕಿ ಕೂರಿಸಿದ್ದು, ಇಳಿಬಿದ್ದ ತುದಿ ಇಲ್ಲ. ಹಾಗಂತ ಮೈಮರೆಯಬಾರದು. ನೆರಿಗೆಯೂ ಬಟ್ಟೆಯೇ. ಓಡುತ್ತಿರುವ ಮೋಟಾರಿನ ಬೆಲ್ಟಿನ ಕಡೆ ಬೆನ್ನು ಮಾಡಿ ನಾನು ಯಾವತ್ತೂ ಕೂರುವುದಿಲ್ಲ.

ಕಿಲ್ಟ್ ಅನ್ನುವುದೇ ಕೆಲಸಕ್ಕಾಗಿ ಚಿಕ್ಕದಾದ ಬಟ್ಟೆ ಅಂತ ಓದಿದಾಗ ನನಗೆ ಬಹಳ ಖುಷಿಯಾಯಿತು. ಮೊದಲು ಸ್ಕಾಟ್ಲೆಂಡಿನ ಗುಡ್ಡಗಾಡಿನ ಜನ ಒಂದು ದೊಡ್ಡ ಉಣ್ಣೆ ಬಟ್ಟೆಯನ್ನೇ ಸೊಂಟಕ್ಕೆ ನೆರಿಗೆ ಹಿಡಿದು ಸುತ್ತಿ, ಬೆಲ್ಟ್ ಕಟ್ಟಿ, ಉಳಿದದ್ದನ್ನು ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದರು. ಹೊಲಿಗೆಯೇ ಇಲ್ಲ, ಥೇಟ್ ನಮ್ಮ ಸೀರೆ ಪಂಚೆ ಥರ. 1720ರ ದಶಕದಲ್ಲಿ ಥಾಮಸ್ ರಾಲಿನ್ಸನ್ ಅನ್ನುವ ಇಂಗ್ಲಿಷ್ ಕಬ್ಬಿಣದ ಕುಲುಮೆಯ ಮಾಲೀಕ, ಮರ ಕಡಿಯುವ ಮತ್ತು ಕುಲುಮೆ ಕೆಲಸದ ಆಳುಗಳಿಗೆ ಅಷ್ಟು ಬಟ್ಟೆ ತೊಡಕಾಗುತ್ತದೆ ಅಂತ ಮೇಲಿನ ಭಾಗ ತೆಗೆದು, ಕೆಳಗಿನ ಅರ್ಧ ಮಾತ್ರ ಉಳಿಸಿದ ಅಂತ ಒಂದು ಕಥೆ ಇದೆ. ಈ ಕಥೆಯನ್ನು ಎಲ್ಲರೂ ಒಪ್ಪುವುದಿಲ್ಲ, ಅದಕ್ಕೂ ಮೊದಲೇ ಜನ ಅದನ್ನು ಉಡುತ್ತಿದ್ದರು ಅನ್ನುವವರಿದ್ದಾರೆ. ಯಾರು ಕತ್ತರಿಸಿದರೋ ಏನೋ, ಕಾರಣ ಮಾತ್ರ ನನಗೆ ಚೆನ್ನಾಗಿ ಅರ್ಥ ಆಗುತ್ತದೆ.

ಬಟ್ಟೆಗೆ ಶಿಕ್ಷೆ ಕೊಟ್ಟ ಕಾಲವೂ ಇತ್ತು. 1746ರಲ್ಲಿ ಬ್ರಿಟಿಷ್ ಸರ್ಕಾರ ಆ ಗುಡ್ಡಗಾಡಿನವರ ಉಡುಪನ್ನು ನಿಷೇಧಿಸುವ ಕಾನೂನು ತಂದಿತು. ಮೊದಲ ಸಲ ಸಿಕ್ಕಿಬಿದ್ದರೆ 6 ತಿಂಗಳು ಜೈಲು, ಎರಡನೇ ಸಲಕ್ಕೆ 7 ವರ್ಷ ಗಡಿಪಾರು. 1782ರವರೆಗೂ ಅದು ಇತ್ತು. ಇದನ್ನು ಓದುವಾಗ ನನಗೆ 2024ರ ಜುಲೈ ನೆನಪಾಯಿತು. ಪಂಚೆ ಉಟ್ಟಿದ್ದ ರೈತರೊಬ್ಬರನ್ನು ಬೆಂಗಳೂರಿನ ಒಂದು ಮಾಲ್‌ನಲ್ಲಿ ಒಳಗೆ ಬಿಡಲಿಲ್ಲ, ಆಮೇಲೆ ಸರ್ಕಾರ ಆ ಮಾಲನ್ನೇ 7 ದಿನ ಮುಚ್ಚಿಸಿತು, ನೆನಪಿದೆ ಅಲ್ವಾ. ಆ ಸುದ್ದಿ ನೋಡಿದ ರಾತ್ರಿ ನನಗೆ ಸಿಟ್ಟಿನಿಂದ ನಿದ್ದೆ ಬಂದಿರಲಿಲ್ಲ. ನನಗೂ ಒಂದು ಮನೆಯಲ್ಲಿ, ಬೋರ್ ಮೋಟಾರ್ ನೋಡಲು ಕರೆದವರೇ, ಪ್ಯಾಂಟ್ ಹಾಕಿಕೊಂಡು ಬಾ ಅಂತ ಗೇಟಿನಿಂದಲೇ ವಾಪಸ್ ಕಳಿಸಿದರು. ನಾನು ಮತ್ತೆ ಹೋಗಲಿಲ್ಲ.

ಹೊಲಿಸಿದ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಜಾಸ್ತಿ ಜನ ಕೇಳುವುದು ಇದನ್ನೇ. ಮೊದಲು ಆನ್‌ಲೈನ್‌ನಲ್ಲಿ ಒಂದು ತರಿಸಿದ್ದೆ. ಬಟ್ಟೆ ಪಾಲಿಯೆಸ್ಟರ್, ಬೆವರು ಹೀರುವುದಿಲ್ಲ, ತಿಂಗಳಲ್ಲಿ ಬಟನ್ ಕಿತ್ತು ಬಂತು. ಆಮೇಲೆ ಮಂಡ್ಯದ ಪೇಟೆ ಬೀದಿಯಲ್ಲಿ ಖಾಕಿ ಡ್ರಿಲ್ ಅನ್ನುವ ದಪ್ಪ ಹತ್ತಿ ಬಟ್ಟೆ ತೆಗೆದುಕೊಂಡು ನಮ್ಮ ಟೈಲರ್ ಹತ್ತಿರ ಹೋದೆ. ಅವರು ನನ್ನ ಅಪ್ಪನ ಕಾಲದವರು. ಮೊಬೈಲಿನಲ್ಲಿ ಫೋಟೋ ನೋಡಿ, "ಇದೇನಪ್ಪಾ, ಲಂಗ ಹೊಲಿಸ್ಕೋತೀಯಾ?" ಅಂದರು. ಕೂತು ತೋರಿಸಿದೆ, ಜೇಬು ಎಲ್ಲಿ ಬರಬೇಕು ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಇದ್ದು, "ನೆರಿಗೆ ಎಷ್ಟು ಇಂಚು ಇಡ್ಲಿ?" ಅಂತ ಕೇಳಿದರು. ಅಲ್ಲಿಂದ ಮುಂದೆ ಇಬ್ಬರೂ ಸೇರಿ ಲೆಕ್ಕ ಹಾಕಿದೆವು.

ಸ್ಕಾಟ್ಲೆಂಡಿನ ಹಳೇ ಪದ್ಧತಿಯ ಕಿಲ್ಟಿಗೆ 8 ಗಜ ಉಣ್ಣೆ ಬಟ್ಟೆ ಹೋಗುತ್ತದೆ. ನಮ್ಮ ಸೀರೆಯೇ 6 ಗಜ! ಅಷ್ಟು ನಮಗೆ ಬೇಡ. ನನ್ನ ಸೊಂಟ 38 ಇಂಚು. ಮುಂದೆ ಒಂದರ ಮೇಲೆ ಒಂದು ಬರುವ ಎರಡು ಸಪಾಟು ಪಟ್ಟಿ, ತಲಾ 18 ಇಂಚು. ಹಿಂದೆ ಹೊರಗೆ 4 ಇಂಚು ಕಾಣುವ 5 ಬಾಕ್ಸ್ ನೆರಿಗೆ, ಅಂದರೆ ಎರಡೂ ಅಂಚು ಒಳಕ್ಕೆ ಮಡಿಚಿದ ನೆರಿಗೆ. ಒಂದೊಂದು ನೆರಿಗೆಗೆ ಕಾಣುವುದರ ಮೂರರಷ್ಟು ಬಟ್ಟೆ ಬೇಕು, ಅಂದರೆ ಐದಕ್ಕೂ ಸೇರಿ 60 ಇಂಚು. ಒಟ್ಟು 96, ಮಡಿಕೆ ಸೇರಿ 100 ಇಂಚು ಅಂತ ಇಟ್ಟುಕೊಳ್ಳಿ. ಬಟ್ಟೆಯ ಅಗಲ 58 ಇಂಚು ಇದ್ದರೆ ಅಗಲದಲ್ಲೇ ಎರಡು ಪಟ್ಟಿ ಸಿಗುತ್ತದೆ, ಅವನ್ನು ಜೋಡಿಸಿದ ಹೊಲಿಗೆ ನೆರಿಗೆಯೊಳಗೆ ಮುಚ್ಚಿಹೋಗುತ್ತದೆ. ಜೇಬು, ಸೊಂಟಪಟ್ಟಿ ಎಲ್ಲ ಸೇರಿ 2 ಮೀಟರ್ ಸಾಕಾಯಿತು.

ಅಳತೆ ತೆಗೆಯುವಾಗ ಪ್ಯಾಂಟಿನ ಸೊಂಟದ ಅಳತೆ ಕೊಡಬೇಡಿ. ಪಂಚೆಯ ಗಂಟು ಬೀಳುವ ಜಾಗದಲ್ಲಿ ಟೇಪು ಹಿಡಿಸಿ. ಸಾಮಾನಿನ ಭಾರ ಅಲ್ಲಿ ಚೆನ್ನಾಗಿ ನಿಲ್ಲುತ್ತದೆ, ಕೆಳಗೆ ಜಾರುವುದಿಲ್ಲ. ಉದ್ದಕ್ಕೆ ಮಂಡಿಯೂರಿ ಕೂತು ನೋಡಿ, ಅಂಚು ನೆಲಕ್ಕೆ ತಾಗಬಾರದು. ಇದು ಸ್ಕಾಟ್ಲೆಂಡಿನವರ ಹಳೇ ಲೆಕ್ಕ, ಕೆಸರಿನ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ಮುಚ್ಚುವುದು ಬಲಗಡೆಗೆ. ಪ್ರತಿ ನೆರಿಗೆಯ ಅಂಚಿಗೂ ಒಂದು ಸಾಲು ಹೊಲಿಗೆ ಹಾಕಿಸಿ, ಒಗೆದು ಒಣಗಿಸಿದರೂ ನೆರಿಗೆ ಕೂತೇ ಇರುತ್ತದೆ, ಇಸ್ತ್ರಿ ಬೇಡ. ಜೇಬನ್ನು ಪಕ್ಕಕ್ಕೆ, ಮೇಲಿನ ಅಂಚು ಮಾತ್ರ ಕೂಡಿಸಿ ತೂಗುವ ಹಾಗೆ ಮಾಡಿಸಿ. ಈಗ ಕುಕ್ಕರುಗಾಲಲ್ಲಿ ಕೂತರೆ ಜೇಬು ಪಕ್ಕಕ್ಕೆ ಜಾರಿ ನಿಲ್ಲುತ್ತದೆ, ಕಟಿಂಗ್ ಪ್ಲೇಯರ್ ಕೈಗೆ ತಾನಾಗಿ ಸಿಗುತ್ತದೆ, ತೊಡೆಗೆ ಏನೂ ಚುಚ್ಚುವುದಿಲ್ಲ. ನನಗೆ ಇಷ್ಟೇ ಬೇಕಾಗಿದ್ದದ್ದು.

ಏಪ್ರಿಲ್ ಬಿಸಿಲಿನ ಬಗ್ಗೆ ಬೇರೆ ಹೇಳಬೇಕಾಗಿಲ್ಲ, ಗಾಳಿ ಆಡುತ್ತದೆ. ಪ್ಯಾಂಟ್ ಹಾಕುವಾಗ ತೊಡೆ ಸಂದಿಯಲ್ಲಿ ಬೆವರಿನಿಂದ ಬರುತ್ತಿದ್ದ ತುರಿಕೆ ಈಗ ಇಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಬಿಸಿಲಲ್ಲಿ ಕೆಲಸ ಮಾಡುವ ಎಷ್ಟೋ ಗಂಡಸರಿಗೆ ಇರುವ ತೊಂದರೆ ಇದು. ನಾಲೆಗೆ ಇಳಿದು ಪೈಪಿನ ತುದಿಯ ಫುಟ್‌ವಾಲ್ವ್ ಬಿಡಿಸುವಾಗ ಪ್ಯಾಂಟ್ ಮಡಿಚುವ ಕೆಲಸ ಇಲ್ಲ. ಟಿವಿಎಸ್ ಎಕ್ಸೆಲ್ ಓಡಿಸುವಾಗ ಮುಂದಿನ ಪಟ್ಟಿಯನ್ನು ತೊಡೆ ಕೆಳಗೆ ಸಿಕ್ಕಿಸಿ ಕೂರುತ್ತೇನೆ, ಹಾರುವುದಿಲ್ಲ. ಸೈಲೆನ್ಸರ್ ಮಾತ್ರ ಕಾಲಿಗೆ ತಾಗದ ಹಾಗೆ ನೋಡಿಕೊಳ್ಳಬೇಕು. ಒಳಗೆ ಏನು ಹಾಕುತ್ತೀಯ ಅಂತ ಎಲ್ಲರೂ ಕೇಳುತ್ತಾರೆ. ಪಟ್ಟಾಪಟ್ಟಿ ಚಡ್ಡಿ. ಏಣಿ ಹತ್ತುವ ಕೆಲಸ ಇರುವವನಿಗೆ ಇದರಲ್ಲಿ ಬೇರೆ ಮಾತೇ ಇಲ್ಲ.

ಕಿಲ್ಟ್ ಬೇಡವಾದ ಜಾಗಗಳೂ ಇವೆ. ಕಬ್ಬಿನ ಗದ್ದೆಯೊಳಗೆ ಹೋಗಬೇಕಾದರೆ ನಾನು ಈಗಲೂ ಪ್ಯಾಂಟೇ ಹಾಕುತ್ತೇನೆ, ಕಬ್ಬಿನ ಗರಿ ಕಾಲನ್ನು ಕೊಯ್ದುಬಿಡುತ್ತದೆ. ಕಾಂಗ್ರೆಸ್ ಗಿಡ ಬೆಳೆದ ಕಡೆ ಹೋದರೆ ಮೈ ತುರಿಕೆ. ರಾತ್ರಿ ತ್ರೀ ಫೇಸ್ ಕರೆಂಟ್ ಬರುವ ಹೊತ್ತಿಗೆ ಮೋಟಾರ್ ಓಡಿಸಿ ನೋಡಬೇಕು ಅಂತ ಕರೆದರೆ ನಾಲೆ ಪಕ್ಕದ ಸೊಳ್ಳೆಗೆ ಬರಿಗಾಲು ಕೊಟ್ಟ ಹಾಗೆ, ಆಗ ಉದ್ದ ಕಾಲುಚೀಲ ಹಾಕುತ್ತೇನೆ. ವೆಲ್ಡಿಂಗ್‌ಗಂತೂ ಖಂಡಿತ ಬೇಡ, ಕಿಡಿ ನೇರ ಮಂಡಿ ಮೇಲೆ ಬೀಳುತ್ತದೆ.

ಮೊದಲ ದಿನ ಹಾಕಿಕೊಂಡು ಹೊರಟಾಗ ಅಮ್ಮ ಏನು ಹೇಳುತ್ತಾರೋ ಅಂತ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಜಗಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಿ ನೋಡಿ, "ನಿಮ್ ತಾತ ಪಂಚೆ ಎತ್ತಿ ಕಟ್ದಂಗೇ ಅದೆ ಕಣ್ಲಾ" ಅಂದರು. ಮತ್ತೆ ಕಾಯಿ ಸುಲಿಯಲು ಶುರು ಮಾಡಿದರು.

ಈಗ ಎರಡನೆಯದು ಹೊಲಿಗೆಯಲ್ಲಿದೆ. ಇದಕ್ಕೆ ಜೇಬಿನ ತಳದಲ್ಲಿ ಎರಡು ಹಿತ್ತಾಳೆ ಕಣ್ಣು ಹಾಕಿಸುತ್ತಿದ್ದೇನೆ, ನಾಲೆಯಿಂದ ಎದ್ದಾಗ ನೀರು ಇಳಿದು ಹೋಗಲಿ ಅಂತ. ಟೆಸ್ಟರ್‌ಗೆ ಬೇರೆ ಸಣ್ಣ ಜೇಬು ಇರಲಿ ಅಂದದ್ದು ಟೈಲರ್ ಅವರೇ. ಶನಿವಾರ ಕೊಡುತ್ತೇನೆ ಅಂದಿದ್ದಾರೆ.