ಬೆಕ್ಕಿಗೆ ಸಿಹಿ ಗೊತ್ತಾಗಲ್ಲ

ಬೆಳಿಗ್ಗೆ ಅಮ್ಮ ಎಂದಿನಂತೆ ಬೆಕ್ಕಿನ ತಟ್ಟೆಗೆ ಹಾಲು ಹಾಕಲು ಹೊರಟಿದ್ದರು. "ಬೇಡಮ್ಮ, ನೀರಿಡೋಣ" ಎಂದೆ. "ಬೆಕ್ಕಿಗೆ ಹಾಲು ಬೇಡವಾ?" ಅಂತ ನನ್ನನ್ನೇ ನೋಡಿದರು.

ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಗಾದೆ ಕೇಳಿಯೇ ಬೆಳೆದವರು ನಾವು, ಅಲ್ವಾ? ಆದರೆ ಮರಿಯಾಗಿದ್ದಾಗ ಇರುವ ಹಾಲು ಅರಗಿಸುವ ಶಕ್ತಿ, ದೊಡ್ಡದಾಗುತ್ತಾ ಹೆಚ್ಚಿನ ಬೆಕ್ಕುಗಳಲ್ಲಿ ಕಡಿಮೆಯಾಗುತ್ತದೆ. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ ಹೊಟ್ಟೆಗೆ ಒಗ್ಗುವುದಿಲ್ಲ, ಭೇದಿಯಾಗುತ್ತದೆ. ಕಳೆದ ತಿಂಗಳು ನಮ್ಮ ಬೆಕ್ಕು ಎರಡು ದಿನ ಸುಸ್ತಾಗಿ ಮಲಗಿತ್ತು. ನೋಡಲಾಗಲಿಲ್ಲ.

ಮತ್ತೆ ಯಾಕೆ ಅಷ್ಟು ಆಸೆಯಿಂದ ನೆಕ್ಕುತ್ತದೆ? ಸಿಹಿಗಂತೂ ಅಲ್ಲ. ಸಿಹಿ ಗುರುತಿಸಲು ಬೇಕಾದ ಒಂದು ಜೀನ್ ಬೆಕ್ಕುಗಳಲ್ಲಿ ಕೆಲಸವನ್ನೇ ಮಾಡುವುದಿಲ್ಲ ಎಂದು 2005ರಲ್ಲೇ ವಿಜ್ಞಾನಿಗಳು ತೋರಿಸಿದ್ದಾರೆ. ಅದನ್ನು ಎಳೆಯುವುದು ಕೆನೆಯ ಜಿಡ್ಡು. ಹಬ್ಬದ ದಿನ ಪ್ರೀತಿಯಿಂದ ಇಟ್ಟ ಪಾಯಸದ ಸಿಹಿ ಅದಕ್ಕೆ ಗೊತ್ತೇ ಆಗಿಲ್ಲ ಅಂದುಕೊಂಡಾಗ ನನಗೆ ಸ್ವಲ್ಪ ಬೇಜಾರಾಯಿತು.

ನಾಯಿಗೆ ಸಿಹಿ ಚೆನ್ನಾಗಿಯೇ ಗೊತ್ತಾಗುತ್ತದೆ. ಹಾಗಂತ ಚಾಕೊಲೇಟ್, ದ್ರಾಕ್ಷಿ ಮಾತ್ರ ದಯವಿಟ್ಟು ಕೊಡಬೇಡಿ. ಅವು ನಾಯಿಗೆ ವಿಷ.

ಅಮ್ಮ ಈಗ ತಟ್ಟೆ ತೊಳೆದು ನೀರು ತುಂಬಿಟ್ಟಿದ್ದಾರೆ. ಬೆಕ್ಕು ಇನ್ನೂ ಅಡುಗೆಮನೆ ಬಾಗಿಲಲ್ಲೇ ಕೂತಿದೆ.